ಟಿಪ್ಪಣಿ ಪುಸ್ತಕಕ್ಕೊಬ್ಬ ಓಲೆಕಾರ

ಸಂಘದ ಕೆಲಸದಲ್ಲಿ ಅರ್ಧಪಾಲು ಬರವಣಿಗೆಯದೇ ಎಂಬುದು ಅದರಲ್ಲಿ ದುಡಿದವರಿಗೆಲ್ಲ ತಿಳಿದ ಮಾತು. ಸದಸ್ಯರ ಪಟ್ಟಿ, ವಂತಿಗೆಯ ಲೆಕ್ಕ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಎಲ್ಲವನ್ನೂ ಬರೆದಿಡಬೇಕು. ಬರೆದಿಟ್ಟದ್ದನ್ನು ಇನ್ನೊಂದು ಕಡೆ ನಕಲು ಮಾಡಬೇಕು. ನಕಲು ಮಾಡಿದ್ದನ್ನು ನಾಲ್ವರಿಗೆ ತಿಳಿಸಬೇಕು. ಬೆಳಗಾದರೆ ಭಾಂಡುಪಿನಿಂದ ಲೋಕಲ್ ಗಾಡಿ ಹಿಡಿದು ನಿಂತೇ ಹೋಗಿ ನಿಂತೇ ಬರುವ ನಮ್ಮಂಥವರಿಗೆ ಇದಕ್ಕೆಲ್ಲ ರಾತ್ರಿ ಊಟವಾದ ಮೇಲಿನ ಒಂದು ತಾಸೇ ಗತಿ.

ಕಳೆದ ವರ್ಷ ನಮ್ಮಿಂದಾದ ಒಂದು ಪ್ರಮಾದವನ್ನು ಓದುಗ ಬಂಧುಗಳ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಗುಡ್ಡದ ಕಡೆಯ ವಸತಿಯಲ್ಲಿರುವ ಒಬ್ಬ ತಾಯಿ ತಮ್ಮ ಮಗಳ ಕಾಲೇಜು ಶುಲ್ಕಕ್ಕಾಗಿ ಅರ್ಜಿ ಕೊಟ್ಟಿದ್ದರು. ನಮ್ಮ ಕಾರ್ಯಕರ್ತರೊಬ್ಬರು ಅಂದೇ ಅದನ್ನು ಸಂಘದ ಟಿಪ್ಪಣಿ ಪುಸ್ತಕದಲ್ಲಿ ದಾಖಲು ಮಾಡಿದರು. ಮಾರನೆಯ ದಿನವೇ ತಂದೆಗೆ ಅಸ್ವಸ್ಥವೆಂದು ಅವರು ಊರಿಗೆ ಹೊರಡಬೇಕಾಯಿತು. ಸಮಿತಿಗೆ ತಿಳಿಸುವ ಕೆಲಸ ಹಾಗೆಯೇ ಉಳಿಯಿತು. ಮೂರು ವಾರಗಳ ತರುವಾಯ ನಾವು ಪುಟ ತೆರೆದಾಗ ಶುಲ್ಕ ಕಟ್ಟುವ ದಿನ ಕಳೆದುಹೋಗಿತ್ತು. ಆ ತಾಯಿ ಕೈಬಳೆಗಳನ್ನು ಅಡವಿಟ್ಟು ಹಣ ಹೊಂದಿಸಿದರೆಂದು ಆಮೇಲೆ ತಿಳಿಯಿತು. ನಿಧಿಯಲ್ಲಿ ದುಡ್ಡಿರಲಿಲ್ಲವೆಂದಲ್ಲ, ಅರ್ಜಿ ಬಂದದ್ದೇ ಸಮಿತಿಗೆ ಗೊತ್ತಿರಲಿಲ್ಲ.

ಇದನ್ನು ಕೇಳಿ ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ನಮ್ಮ ಹುಡುಗರಿಬ್ಬರು ಒಂದು ಉಪಾಯ ಹೇಳಿದರು. "ಪುಸ್ತಕಕ್ಕೇ ಒಬ್ಬ ಓಲೆಕಾರನನ್ನು ಇಟ್ಟುಬಿಡೋಣ" ಎಂದರು.

ನಮ್ಮ ಟಿಪ್ಪಣಿ ಪುಸ್ತಕ ಕಾಗದದ್ದಲ್ಲ. ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ತೆರೆಯುವ 'ನೋಶನ್' ಎಂಬುದು. ಹೊರಗಿನ ತಂತ್ರಾಂಶಗಳು ಇದರೊಡನೆ ವ್ಯವಹರಿಸಲು 2021ರ ಮೇ ತಿಂಗಳಲ್ಲಿ ಅದರ ತಯಾರಕರೇ ಅಧಿಕೃತವಾಗಿ ಬಾಗಿಲು ತೆರೆದರು. ಓಲೆಕಾರನ ಕೆಲಸ ಮಾಡುವ ತಂತ್ರಾಂಶಗಳು ಹಲವಿವೆ. ಅಮೇರಿಕೆಯ 'ಝೇಪಿಯರ್' 2011ರದು. ಬರ್ಲಿನ್ ನಗರದ 'ಎನ್‌ಎಯ್ಟ್‌ಎನ್' 2019ರದು. ಎರಡನೆಯದನ್ನು ನಮ್ಮದೇ ಕಂಪ್ಯೂಟರಿನಲ್ಲಿ ಶುಲ್ಕವಿಲ್ಲದೆ ನಡೆಸಬಹುದಾದ್ದರಿಂದ ಅದನ್ನೇ ಆರಿಸಿಕೊಂಡೆವು.

ಜೋಡಿಸುವ ಕ್ರಮ ಹೀಗಿದೆ. ಮೊದಲು ನೋಶನ್‌ನಲ್ಲಿ 'ಇಂಟಿಗ್ರೇಶನ್' ಒಂದನ್ನು ಹೆಸರಿಟ್ಟು ನಿರ್ಮಿಸಬೇಕು. ಅವನೇ ಓಲೆಕಾರ. ಅವನು ಓದಬಹುದೇ, ಹೊಸತಾಗಿ ಬರೆಯಬಹುದೇ, ಇದ್ದುದನ್ನು ತಿದ್ದಬಹುದೇ ಎಂಬುದನ್ನು ಅಲ್ಲಿಯೇ ಗೊತ್ತುಮಾಡಬೇಕು. ನಾವು ಓದಲು ಮಾತ್ರ ಅಪ್ಪಣೆ ಕೊಟ್ಟೆವು. ಆಗ ಉದ್ದನೆಯ ಅಕ್ಷರಮಾಲೆಯೊಂದು ದೊರೆಯುತ್ತದೆ. ಅದು ಗುಪ್ತ ಚಾವಿ. ಎನ್‌ಎಯ್ಟ್‌ಎನ್‌ಗೆ ಅದನ್ನು ಒಪ್ಪಿಸಬೇಕು. ಕಪಾಟಿನ ಚಾವಿಯನ್ನು ಹೇಗೆ ಕಂಡಕಂಡವರ ಕೈಗೆ ಕೊಡುವುದಿಲ್ಲವೋ ಹಾಗೆಯೇ ಇದನ್ನೂ ವಾಟ್ಸಾಪಿನಲ್ಲಿ ಕಳುಹಿಸಬಾರದು.

ಇಷ್ಟಾದ ಮೇಲೂ ಮೊದಲ ರಾತ್ರಿ ಕೆಲಸ ಕೈಗೂಡಲಿಲ್ಲ. ಪುಸ್ತಕ ನಮ್ಮ ಕಣ್ಣೆದುರಿಗೇ ಇದ್ದರೂ ಯಂತ್ರವು 'ಅಂಥದೊಂದು ಕಾಣದು' ಎಂದೇ ಉತ್ತರ ಕೊಡುತ್ತಿತ್ತು. ಒಂದು ತಾಸು ಹೆಣಗಿದ ಮೇಲೆ ತಪ್ಪು ತಿಳಿಯಿತು. ಚಾವಿ ಇದ್ದ ಮಾತ್ರಕ್ಕೆ ಓಲೆಕಾರನಿಗೆ ಯಾವ ಪುಟವೂ ಕಾಣುವುದಿಲ್ಲ. ನಾವೇ ಆ ಪುಟವನ್ನು ತೆರೆದು, ಮೇಲ್ತುದಿಯ ಮೂರು ಚುಕ್ಕಿಗಳನ್ನು ಒತ್ತಿ, 'ಕನೆಕ್ಷನ್ಸ್' ಎಂಬಲ್ಲಿ ಅವನ ಹೆಸರನ್ನು ಸೇರಿಸಬೇಕು. ಸೇರಿಸಿದೊಡನೆ ಅರ್ಜಿಗಳ ಪಟ್ಟಿ ಯಂತ್ರಕ್ಕೆ ಕಂಡಿತು.

ಈ ಕಟ್ಟು ನಮಗೆ ಒಳ್ಳೆಯದೆಂದೇ ತೋರಿತು. ಸಂಘದ ಪುಸ್ತಕದಲ್ಲಿ ಮನೆಮನೆಯ ಕಷ್ಟಸುಖಗಳಿರುತ್ತವೆ. ಯಾರ ಕಾಯಿಲೆ, ಯಾರ ಸಾಲ, ಎಲ್ಲವೂ. ಒಂದು ಪುಟವನ್ನು ಒಪ್ಪಿಸಿದರೆ ಅದರ ಒಳಪುಟಗಳನ್ನೂ ಒಪ್ಪಿಸಿದಂತೆಯೇ. ಆದುದರಿಂದ ವೈದ್ಯಕೀಯ ನೆರವಿನ ಪುಟಗಳನ್ನು ಬೇರೆಯೇ ಇರಿಸಿದೆವು. ಸಮಿತಿಗೆ ಹೋಗುವ ಪತ್ರದಲ್ಲಿ ಅರ್ಜಿಯ ಸಂಖ್ಯೆ ಮತ್ತು ಕೊನೆಯ ದಿನಾಂಕ ಮಾತ್ರ ಇರುತ್ತವೆ. ಮನೆಯ ವರಮಾನ ಇರುವುದಿಲ್ಲ. ಜನರ ಖಾಸಗಿ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ನಮ್ಮ ದೇಶದಲ್ಲಿ ಕಾನೂನೇ ಆಗಿದೆ. ಆಗದಿದ್ದರೂ ನೆರೆಹೊರೆಯವರ ಮಾನ ಕಾಯುವುದು ನಮ್ಮ ಧರ್ಮವಷ್ಟೆ.

ಈಗ ಅರ್ಜಿಯನ್ನು ದಾಖಲು ಮಾಡಿದರೆ ಸಾಕು. ಓಲೆಕಾರನು ಹತ್ತು ನಿಮಿಷಕ್ಕೊಮ್ಮೆ ಹೋಗಿ ಹೊಸತೇನಾದರೂ ಬಂದಿದೆಯೇ ಎಂದು ನೋಡುತ್ತಾನೆ. ಬಂದಿದ್ದರೆ ಸಮಿತಿಯ ಐವರಿಗೂ ಇ-ಮೇಲ್ ಮುಟ್ಟಿಸುತ್ತಾನೆ. ದಿನಾಲೂ ಬೆಳಿಗ್ಗೆ ಪಟ್ಟಿಯನ್ನು ಪರಿಶೀಲಿಸಿ, 'ಬಾಕಿ' ಎಂದೇ ಉಳಿದಿರುವ ಅರ್ಜಿಗಳ ನೆನಪು ಕೊಡುತ್ತಾನೆ. ಯಾರು ಊರಿಗೆ ಹೋದರೂ ಮಾತು ನಿಲ್ಲುವುದಿಲ್ಲ.

ಆದರೆ ಎಚ್ಚರಿಕೆ ಬೇಕು. ನಮ್ಮ ಮುಂಬಯಿಯ ಡಬ್ಬಾವಾಲರು ಮುಚ್ಚಳದ ಮೇಲಿನ ಗುರುತನ್ನು ನೋಡಿ ಡಬ್ಬವನ್ನು ಮುಟ್ಟಿಸುತ್ತಾರೆ. ಒಳಗೆ ಅನ್ನವಿದೆಯೋ ಚಪಾತಿಯಿದೆಯೋ ಅವರಿಗೆ ಬೇಡ. ಈ ಯಂತ್ರವೂ ಹಾಗೆಯೇ ಕಾಲಮ್ಮಿನ ತಲೆಬರಹವನ್ನು ನೋಡಿ ನಡೆಯುತ್ತದೆ. ಒಮ್ಮೆ ಯಾರೋ ಚೆಂದ ಕಾಣಲೆಂದು 'ಕೊನೆಯ ದಿನಾಂಕ' ಎಂಬುದನ್ನು 'ಅಂತಿಮ ದಿನ' ಎಂದು ಬದಲಿಸಿದರು. ಅಂದಿನಿಂದ ಪತ್ರಗಳಲ್ಲಿ ಆ ಜಾಗ ಬರಿದಾಗಿಯೇ ಬಂತು. ಕಚೇರಿಯ ಹಳೆಯ ಕಂಪ್ಯೂಟರನ್ನು ಯಾರಾದರೂ ಆರಿಸಿ ಹೋದರೆ ಓಲೆಕಾರನೂ ಅಲ್ಲಿಗೇ ನಿಲ್ಲುತ್ತಾನೆ. ಆದುದರಿಂದ ವಾರಕ್ಕೊಮ್ಮೆ ಹಿರಿಯರೊಬ್ಬರು ಪುಸ್ತಕವನ್ನೂ ಬಂದ ಪತ್ರಗಳನ್ನೂ ತಾಳೆ ನೋಡುವ ಪದ್ಧತಿ ಇಟ್ಟಿದ್ದೇವೆ.

ಈ ವರ್ಷ ಅದೇ ಹುಡುಗಿಯ ಅರ್ಜಿ ಬಂದ ಸಂಜೆಯೇ ಐವರಿಗೂ ತಿಳಿಯಿತು. ನಾಲ್ಕನೆಯ ದಿನ ಶುಲ್ಕ ಸಂದಿತು. ಹಣ ಕೊಡಲು ನಾವಿಬ್ಬರು ಗುಡ್ಡ ಹತ್ತಿ ಅವರ ಮನೆಗೆ ಹೋದೆವು. ಕಳೆದ ವರ್ಷದ ತಪ್ಪಿಗೆ ಕ್ಷಮೆ ಕೇಳುವುದೂ ಇತ್ತು. ಆ ತಾಯಿ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲವೆಂದು ಅವರ ಕೈ ನೋಡಿ ತಿಳಿದೆವು. ಅದರ ವಿಚಾರವನ್ನು ಸಮಿತಿಯ ಮುಂದೆ ಇರಿಸಿದ್ದೇವೆ.

ಈ ಕೆಲಸವನ್ನು ಕಲಿಯಬಯಸುವ ತರುಣ-ತರುಣಿಯರು ಭಾನುವಾರ ಸಂಜೆ ಸಂಘದ ಕಚೇರಿಗೆ ಬರಬೇಕಾಗಿ ಕೋರುತ್ತೇವೆ. ಹಿರಿಯರೂ ಅವಶ್ಯ ಬರಲಿ. ಯಾವ ಪುಟ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ನಿರ್ಣಯಿಸಬೇಕಾದವರು ಅವರೇ.