ಡಬ್ಬಿಯ ತಳದಲ್ಲಿ ಏನಿದೆ?

ಮಳೆಗಾಲದ ಒಂದು ನಾಮಕರಣದ ಅಡುಗೆಗೆಂದು ನಾವು ನಾಸಿಕಕ್ಕೆ ಹೋಗಿದ್ದೆವು. ಮನೆಯವರು ಕನ್ನಡಿಗರು. "ಸಾಮಾನೆಲ್ಲ ಮನೆಯಲ್ಲೇ ಇದೆ, ತರಬೇಡಿ" ಎಂದಿದ್ದರು. ಕಪಾಟು ತೆರೆದರೆ ಊರಿನ ಸಾರಿನ ಪುಡಿ, ಸಂಡಿಗೆ, ಛತ್ರಪತಿ ಸಂಭಾಜಿನಗರದ (2023ರವರೆಗೆ ಔರಂಗಾಬಾದ್) ಬೀಗರು ಕಳಿಸಿದ ಶೇಂಗಾ ಪುಡಿ, ಮರಾಠಿಗರ 'ಕೂಟ್'. ಯಾವ ಡಬ್ಬಿಗೂ ದಿನಾಂಕವಿಲ್ಲ! ಕೂಟ್ ಗಂಟುಗಟ್ಟಿ ಬೂಷ್ಟು ಹಿಡಿದಿತ್ತು.

"ಬಿಸಾಡಬೇಡಿ, ಹುರಿದರೆ ಸರಿಹೋಗುತ್ತದೆ" ಎಂದರು ಅಜ್ಜಿ. ನಾವು ಒಪ್ಪಲಿಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು. ಯಕೃತ್ತಿನ ಕ್ಯಾನ್ಸರಿಗೂ ಅದು ಕಾರಣ, ಒಲೆಯ ಹುರಿತಕ್ಕೆ ಪೂರ್ತಿ ನಾಶವಾಗುವುದಿಲ್ಲ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಜಾಣತನವೂ ಬೇಡ. ಉಬ್ಬಿದ ಟಿನ್ ಸಿಕ್ಕರೆ ರುಚಿ ನೋಡಲೇಬೇಡಿ.

ಹಾಗೆಂದು ದಿನಾಂಕ ದಾಟಿದ್ದೆಲ್ಲ ವಿಷವಲ್ಲ. 2020ರ ಲೇಬಲ್ ನಿಯಮದಲ್ಲಿ 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಕಡ್ಡಾಯ, ಅದು ದಾಟಿದರೆ ಮುಗಿಯಿತು. 'ಬೆಸ್ಟ್ ಬಿಫೋರ್' ಬರೀ ಗುಣಮಟ್ಟದ ಮಾತು. ಉಪ್ಪು, ಸಕ್ಕರೆಗೆ ಗಾಬರಿಯೇಕೆ?

ಮಧ್ಯಾಹ್ನದೊಳಗೆ ಮೂರು ಚೀಲ ಹೊರಬಿತ್ತು. ಹೊಸ ಶೇಂಗಾ ತರಿಸಿ ಚಟ್ನಿ ಅರೆದೆವು, ಆ ಖರ್ಚನ್ನು ಬಿಲ್ಲಿಗೆ ಸೇರಿಸಲಿಲ್ಲ. ಅಜ್ಜಿ ಮಾತ್ರ ಊಟ ಮುಗಿಯುವವರೆಗೂ ನಮ್ಮೊಡನೆ ಮಾತಾಡಲಿಲ್ಲ.