ನೋಡಿ ಬರೋಣ ಎಂದು ಹೊರಟವರು

ಅಮೆರಿಕದ ಫ್ಲಾರಿಡಾದಲ್ಲಿ ಸರಸೋಟ ಎಂಬ ಊರಿದೆ. ಅಲ್ಲಿನ ಮಿಲಿಟರಿ ಅಕಾಡೆಮಿ ಶಾಲೆಯ ಮಕ್ಕಳು ಸಾಂಕ್ರಾಮಿಕ ರೋಗವನ್ನು ಪುಸ್ತಕದಲ್ಲಿ ಓದಲಿಲ್ಲ, ಆಡಿ ಕಲಿತರು. ಎಲ್ಲರ ಕೈಯಲ್ಲೂ ಮೊಬೈಲು, ಅದರಲ್ಲೊಂದು ಆ್ಯಪ್. ಇಬ್ಬರು ಗೆಳೆಯರು ಹತ್ತಿರ ನಿಂತು ಹರಟಿದರೆ ಸಾಕು, ಬ್ಲೂಟೂತ್ ಹಿಡಿದು ಒಂದು ಸುಳ್ಳು ವೈರಸ್ಸು ಈ ಫೋನಿನಿಂದ ಆ ಫೋನಿಗೆ ದಾಟುತ್ತದೆ. ಕೆಲವರು ಸರ್ಕಾರ, ಕೆಲವರು ಸೋಂಕಿನ ಜಾಡು ಹಿಡಿಯುವ ತಜ್ಞರು, ಕೆಲವರು ಪತ್ರಕರ್ತರು, ಮಿಕ್ಕವರು ಜನಸಾಮಾನ್ಯರು. ಮಾಸ್ಕ್ ಅಥವಾ ಲಸಿಕೆ ಬೇಕಾದರೆ ಕ್ಯೂಆರ್ ಕೋಡ್ ಹುಡುಕಿ ಸ್ಕ್ಯಾನ್ ಮಾಡಬೇಕು. ಯಾರಿಂದ ತಗುಲಿತು, ತನ್ನಿಂದ ಎಷ್ಟು ಮಂದಿಗೆ ಹೋಯಿತು ಎಂಬುದು ಆಟ ಮುಗಿದ ಮೇಲೆ ಬಲೆಯಂತೆ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತದೆ.

‘ಆಪರೇಷನ್ ಔಟ್‌ಬ್ರೇಕ್’ ಎಂಬ ಈ ಆಟವನ್ನು ಕಟ್ಟಿದವರಲ್ಲಿ ಹಾರ್ವರ್ಡ್‌ನ ತಳಿವಿಜ್ಞಾನಿ ಪಾರ್ದಿಸ್ ಸಬೇತಿ ಮುಖ್ಯರು. 2014ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಬ್ಬಿದಾಗ ಆ ವೈರಸ್ಸಿನ ಜೀನೋಮ್ ಓದಿದ ತಂಡ ಇವರದು. ಆ ಅಧ್ಯಯನದ ಪ್ರಬಂಧ ಅಚ್ಚಾಗುವ ಹೊತ್ತಿಗೆ ಅದರ ಐವರು ಸಹಲೇಖಕರನ್ನು ಎಬೋಲಾವೇ ನುಂಗಿತ್ತು. ಅಂಥ ಸಾವುಗಳನ್ನು ಕಂಡವರು ಮಕ್ಕಳ ಕೈಗೆ ಆಟ ಕೊಟ್ಟಿದ್ದಾರೆಂದರೆ ಅದನ್ನು ಹಗುರವಾಗಿ ಕಾಣಲು ನನ್ನಿಂದಾಗದು.

ಆಟವೂ ಸೋಂಕಿನ ಪಾಠ ಕಲಿಸಬಲ್ಲದು ಎಂಬುದು ಒಮ್ಮೆ ಆಕಸ್ಮಿಕವಾಗಿಯೂ ಗೊತ್ತಾಯಿತು. 2005ರ ಸೆಪ್ಟೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ, ಹಕ್ಕಾರ್ ಎಂಬ ಸರ್ಪದೇವತೆಯ ಗುಡಿಯೊಳಗಷ್ಟೇ ಇರಬೇಕಿದ್ದ ರಕ್ತದ ಸೋಂಕೊಂದು ಆಟಗಾರರ ಸಾಕುಪ್ರಾಣಿಗಳ ಜೊತೆ ನಗರಗಳಿಗೆ ನುಗ್ಗಿತು. ಬಲಿಷ್ಠರು ತಡೆದುಕೊಂಡರು, ಹೊಸಬರು ಕ್ಷಣದಲ್ಲಿ ಸತ್ತರು, ಬೀದಿಗಳಲ್ಲಿ ಎಲುಬು ರಾಶಿಯಾಯಿತು. ಗುಣಪಡಿಸುವ ಶಕ್ತಿಯಿದ್ದವರು ನೆರವಿಗೆ ಓಡಿಬಂದರೆ ಕೆಲವರು ಊರು ಬಿಟ್ಟರು, ಕೆಲವರು ಬೇಕೆಂದೇ ಅಂಟಿಸಿದರು. ಆಟದ ಕಂಪನಿ ಹೇರಿದ ದಿಗ್ಬಂಧನ ಫಲಿಸದೆ, ಕೊನೆಗೆ ಸರ್ವರ್‌ಗಳನ್ನೇ ಮರುಹೊಂದಿಸಬೇಕಾಯಿತು. ಸಂಶೋಧಕರಾದ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ಇದರ ಬಗ್ಗೆ ಬರೆದಾಗ ಇನ್ನೊಂದು ಗುಂಪಿನತ್ತ ಬೆರಳು ತೋರಿದರು. ಏನಾಗಿದೆ ನೋಡೋಣ ಎಂದು ಸೋಂಕಿನ ಜಾಗಕ್ಕೆ ಹೋಗಿ ಅದನ್ನು ಹೊತ್ತು ಬಂದವರು. ರೋಗದ ಲೆಕ್ಕಾಚಾರಗಳಲ್ಲಿ ಈ ಕುತೂಹಲಿಗಳಿಗೆ ಜಾಗವೇ ಇರಲಿಲ್ಲ.

ಮಲೆನಾಡಿನವರಿಗೆ ಈ ಮಾತು ಹೊಸದಲ್ಲ. ಮಂಗ ಸತ್ತಿದೆಯಂತೆ ಎಂದರೆ ನೋಡಲು ಹೋಗುವವರಿದ್ದಾರೆ, ಹನುಮನ ಸ್ವರೂಪವೆಂದು ಭಕ್ತಿಯಿಂದ ಮಣ್ಣು ಮಾಡುವವರೂ ಇದ್ದಾರೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮಂಗ ಸತ್ತು ತಣ್ಣಗಾದಂತೆ ಉಣುಗು ಮೈಬಿಟ್ಟು ಸುತ್ತಲಿನ ತರಗೆಲೆಗೆ ಇಳಿಯುತ್ತದೆ. ಮರಿ ಉಣುಗಿನ ಗಾತ್ರ ಗುಂಡುಸೂಜಿಯ ತಲೆಯಷ್ಟು. ಗೋಡೆಯ ಭಿತ್ತಿಪತ್ರ ಇದನ್ನು ಹೇಳಬಲ್ಲದೇ ಹೊರತು ಅನುಭವಕ್ಕೆ ತರಲಾರದು. ತರಗೆಲೆ ಒಟ್ಟಲು ಹೊರಟ ಹುಡುಗಿ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಂಡರೆ ಏನು, ಮರೆತರೆ ಏನು, ಸತ್ತ ಮಂಗನ ಬಳಿ ಸುಳಿದರೆ ಏನು ಎಂಬುದನ್ನು ಮಕ್ಕಳು ಪರದೆಯ ಮೇಲೆ ತಾವೇ ಆಡಿ ನೋಡುವಂಥ ಕನ್ನಡದ ಆಟವೊಂದು ಸೊರಬ, ಸಾಗರ, ತೀರ್ಥಹಳ್ಳಿಯ ಶಾಲೆಗಳಿಗೆ ಬೇಕು. ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ, ನಮ್ಮ ಸಾಫ್ಟ್‌ವೇರ್ ಹುಡುಗರು ಒಟ್ಟಿಗೆ ಕೂತರೆ ಆಗದ ಕೆಲಸವಲ್ಲ.

ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಆಟ ಬರುವ ತನಕ ಇಷ್ಟು ನೆನಪಿರಲಿ: ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅಂದೇ ಸುದ್ದಿ ಮುಟ್ಟಿಸಿ.