ಕಾಡಿನ ನಡುವೆ ಹಡಗಿನಂಥ ಚರ್ಚುಗಳು

ಉತ್ತರ ರಷ್ಯಾದ ವೊಲೊಗ್ಡಾ ಪ್ರಾಂತ್ಯದಲ್ಲಿ, ಸುಖೋನಾ ನದಿಯ ದಂಡೆಯಲ್ಲಿ ಟೋಟ್ಮಾ ಎಂಬ ಊರಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಸುತ್ತಲೂ ಸ್ಪ್ರೂಸ್, ಪೈನ್, ಬರ್ಚ್ ಮರಗಳ ಕಾಡು. ಯಾವ ಕಡೆ ಹೊರಟರೂ ಕಡಲು ಸಿಗಲು ನೂರಾರು ಕಿಲೋಮೀಟರ್ ಹೋಗಬೇಕು. ಆದರೂ ಊರಿನ ಹಳೆಯ ಚರ್ಚುಗಳು ಹಾಯಿ ಬಿಚ್ಚಿದ ಹಡಗುಗಳಂತಿವೆ. ಅಗಲ ಕಡಿಮೆ, ಎತ್ತರ ಹೆಚ್ಚು, ಪಶ್ಚಿಮದ ತುದಿಯಲ್ಲಿ ಕೂವೆಕಂಬದ ಹಾಗೆ ಎದ್ದ ಗಂಟೆಗೋಪುರ. ಗೋಡೆಗಳ ಮೇಲೆ ಇಟ್ಟಿಗೆಯನ್ನೇ ಹೊರಚಾಚಿ ಬಿಡಿಸಿದ ಸುರುಳಿ ಚೌಕಟ್ಟುಗಳು. 1780ರಲ್ಲಿ ಊರಿಗೆ ದೊರೆತ ಲಾಂಛನದಲ್ಲಿ ಬಂಗಾರದ ಬಣ್ಣದ ಮೇಲೆ ಒಂದು ಕಪ್ಪು ನರಿ. ಟೋಟ್ಮಾದ ವರ್ತಕರಿಗೆ ಅಂಥ ನರಿಯ ತುಪ್ಪಳ ಬರುತ್ತಿದ್ದದ್ದು ಪೆಸಿಫಿಕ್ ಸಾಗರದ ದ್ವೀಪಗಳಿಂದ. ಕಾಡಿನ ನಡುವಿನ ಊರಿಗೂ ಅಷ್ಟು ದೂರದ ಸಾಗರಕ್ಕೂ ನಂಟು ಬೆಳೆದದ್ದು ಹೇಗೆ?

ಮೊದಲ ಉತ್ತರ ನೆಲದಡಿಯಲ್ಲಿದೆ. ಟೋಟ್ಮಾದ ಬಳಿ ಆಳದಲ್ಲಿ ಉಪ್ಪುನೀರಿನ ಒರತೆಗಳಿವೆ. ದಪ್ಪ ಮರದ ದಿಮ್ಮಿಗಳನ್ನು ಟೊಳ್ಳು ಮಾಡಿ, ಒಂದರ ಕೆಳಗೊಂದು ನೆಲಕ್ಕಿಳಿಸಿ, ಆ ಕೊಳವೆಯಿಂದ ಉಪ್ಪುನೀರು ಎತ್ತುತ್ತಿದ್ದರು. ಅದನ್ನು ಅಗಲವಾದ ಕಬ್ಬಿಣದ ಬಾಣಲೆಗಳಲ್ಲಿ ಹಗಲೂ ರಾತ್ರಿ ಕುದಿಸಿದರೆ ತಳದಲ್ಲಿ ಉಪ್ಪು ಉಳಿಯುತ್ತಿತ್ತು. ಮೀನು, ಮಾಂಸ, ಕೋಸು ಎಲ್ಲವನ್ನೂ ಉಪ್ಪು ಹಾಕಿಯೇ ಚಳಿಗಾಲಕ್ಕೆ ಕಾಪಾಡಬೇಕಿದ್ದ ನಾಡಿನಲ್ಲಿ ಉಪ್ಪೆಂದರೆ ಹಣ. ಕುದಿಸಲು ಸೌದೆ ಕಾಡಿನಲ್ಲಿತ್ತು, ಸಾಗಿಸಲು ನದಿ ಬಾಗಿಲಲ್ಲೇ ಇತ್ತು.

ಮಠಗಳೂ ಬಂದದ್ದು ಇದೇ ನದಿಗಳ ದಾರಿಯಲ್ಲಿ. 14ನೇ ಶತಮಾನದ ಕೊನೆಯಲ್ಲಿ ಮಾಸ್ಕೋದ ಮಠಗಳ ಗದ್ದಲ ಬೇಡವೆಂದು ಹಲವು ಸನ್ಯಾಸಿಗಳು ಉತ್ತರದ ಕಾಡಿಗೆ ನಡೆದರು. 1371ರಲ್ಲಿ ದ್ಮಿತ್ರಿ ವೊಲೊಗ್ಡಾದ ಬಳಿ ಪ್ರಿಲುಟ್ಸ್ಕಿ ಮಠ ಕಟ್ಟಿದ. 1397ರಲ್ಲಿ ಕಿರಿಲ್ ಎಂಬಾತ ಸಿವೆರ್ಸ್ಕೊಯೆ ಸರೋವರದ ದಂಡೆಯಲ್ಲಿ ನೆಲೆ ನಿಂತ. ಮರುವರ್ಷವೇ ಅವನ ಜೊತೆಗಾರ ಫೆರಪೋಂಟ್ ಸ್ವಲ್ಪ ದೂರದಲ್ಲಿ ಬೇರೆ ಮಠ ಕಟ್ಟಿಕೊಂಡ. ಅಲ್ಲಿನ ಚರ್ಚಿನ ಗೋಡೆಗಳಿಗೆ 1502ರಲ್ಲಿ ಡಿಯೊನಿಸಿ ಬರೆದ ಚಿತ್ರಗಳು ಇಂದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಏಕಾಂತ ಅರಸಿ ಹೋದವರ ಹಿಂದೆ ರೈತರು ಬಂದರು, ರಾಜರ ದತ್ತಿ ಬಂತು, ಗೋಡೆಕೋಟೆ ಎದ್ದಿತು. ಕಿರಿಲ್ಲನ ಏಕಾಂತ 17ನೇ ಶತಮಾನದ ಹೊತ್ತಿಗೆ ಉತ್ತರದ ದೊಡ್ಡ ಕೋಟೆಗಳಲ್ಲೊಂದಾಗಿತ್ತು.

ಟೋಟ್ಮಾದ ಮಠದ ಹುಟ್ಟಿನಲ್ಲಂತೂ ತಪಸ್ಸು, ಉಪ್ಪು ಎರಡೂ ಬೆರೆತಿವೆ. ಪ್ರಿಲುಟ್ಸ್ಕಿ ಮಠದವರು ತಮ್ಮ ಉಪ್ಪಿನ ಬಟ್ಟಿ ನೋಡಿಕೊಳ್ಳಲು ಫಿಯೊದೋಸಿ ಸುಮೊರಿನ್ ಎಂಬ ಸನ್ಯಾಸಿಯನ್ನು ಇಲ್ಲಿಗೆ ಕಳಿಸಿದರು. ಲೆಕ್ಕ ನೋಡಲು ಬಂದವನು 1554ರಲ್ಲಿ ನಾಲ್ಕನೆಯ ಇವಾನ್ ದೊರೆಯ ಅಪ್ಪಣೆ ಪಡೆದು, ಪೆಸ್ಯಾ ದೆಂಗಾ ಮತ್ತು ಕೊವ್ಡಾ ಹೊಳೆಗಳು ಸೇರುವಲ್ಲಿ ಸ್ಪಾಸೊ-ಸುಮೊರಿನ್ ಮಠ ಕಟ್ಟಿದ. ಉಪ್ಪಿನ ವ್ಯವಹಾರ ಬಲ್ಲ ಸಂತನೆಂದರೆ ನಮಗೆ ವಿಚಿತ್ರ ಎನಿಸಬಹುದು. ಆ ಉತ್ತರದಲ್ಲಿ ಬಟ್ಟಿಯ ಒಲೆ ಆರಿದರೆ ಮಠದ ಒಲೆಯೂ ಆರುತ್ತಿತ್ತು.

ಅದೇ ಕಾಲಕ್ಕೆ ನದಿಗೆ ಹೊಸ ಬೆಲೆ ಬಂತು. ಚೀನಾಕ್ಕೆ ದಾರಿ ಹುಡುಕುತ್ತ ಉತ್ತರದ ಹಿಮಗಡಲಿಗೆ ಬಂದ ಇಂಗ್ಲೆಂಡಿನ ರಿಚರ್ಡ್ ಚಾನ್ಸಲರ್ 1553ರಲ್ಲಿ ಉತ್ತರ ದ್ವಿನಾ ನದಿಯ ಮುಖಕ್ಕೆ ತಲುಪಿ, ಅಲ್ಲಿಂದ ಮಾಸ್ಕೋಗೆ ಹೋಗಿ ಇವಾನನನ್ನು ಕಂಡ. ಎರಡು ವರ್ಷಗಳಲ್ಲಿ ರಷ್ಯಾದೊಡನೆ ವ್ಯಾಪಾರ ನಡೆಸಲು ಮಸ್ಕೊವಿ ಕಂಪನಿ ಹುಟ್ಟಿತು. 1584ರಲ್ಲಿ ನದೀಮುಖದ ಒಂದು ಮಠದ ಸುತ್ತ ಅರ್ಖಾಂಗೆಲ್ಸ್ಕ್ ಬಂದರು ಎದ್ದಿತು. ಸುಖೋನಾ ನದಿ ವೆಲಿಕಿ ಉಸ್ತ್ಯುಗ್ ಬಳಿ ಯೂಗ್ ನದಿಯನ್ನು ಕೂಡಿ ದ್ವಿನಾ ಆಗುವುದರಿಂದ, ವೊಲೊಗ್ಡಾದಿಂದ ಬಿಳಿಗಡಲಿನವರೆಗೆ ನೀರಿನದೇ ಹೆದ್ದಾರಿ. ಹೋಗುವ ತುಪ್ಪಳ, ಮೇಣ, ಸೆಣಬು, ಬರುವ ಬಟ್ಟೆ, ಲೋಹ ಎಲ್ಲ ಟೋಟ್ಮಾದ ಮುಂದೆಯೇ ಹಾದುಹೋಗಬೇಕು. ಸೈಬೀರಿಯಾಕ್ಕೆ ತುಪ್ಪಳ ಹುಡುಕಿ ಹೊರಟವರ ದಾರಿಯೂ ಇದೇ.

1703ರಲ್ಲಿ ಪೀಟರ್ ದೊರೆ ಬಾಲ್ಟಿಕ್ ದಂಡೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಕಟ್ಟಲು ತೊಡಗಿದ. ಆಮೇಲೆ ವಿದೇಶಿ ವ್ಯಾಪಾರವನ್ನು ಆಜ್ಞೆಗಳ ಮೂಲಕವೇ ಅತ್ತ ತಿರುಗಿಸಿದ. ಪಶ್ಚಿಮದ ಬಾಗಿಲು ಕಿರಿದಾದಾಗ ಟೋಟ್ಮಾದ ವರ್ತಕರು ಪೂರ್ವಕ್ಕೆ ತಿರುಗಿದರು. ನಾವಿಕ ಬೇರಿಂಗ್‌ನ ಯಾನದಲ್ಲಿ ಬದುಕುಳಿದವರು 1742ರಲ್ಲಿ ಕಡಲ ನೀರುನಾಯಿಯ ತುಪ್ಪಳ ಹೊತ್ತು ಮರಳಿದ ಮೇಲೆ, ಸೈಬೀರಿಯಾ ದಾಟಿ ಕಮ್ಚಾಟ್ಕಾ, ಅಲ್ಲಿಂದ ಅಲ್ಯೂಷಿಯನ್ ದ್ವೀಪಗಳಿಗೆ ಖಾಸಗಿ ಹಡಗುಗಳು ಒಂದರ ಹಿಂದೊಂದು ಹೊರಟವು. ಅವುಗಳಿಗೆ ದುಡ್ಡು ಹೂಡಿದವರಲ್ಲಿ ಸಣ್ಣ ಟೋಟ್ಮಾದವರು ಎದ್ದು ಕಾಣುತ್ತಾರೆ. ತುಪ್ಪಳ ಚೀನಾದ ಗಡಿಯ ಕ್ಯಾಖ್ತಾ ಪೇಟೆಯಲ್ಲಿ ದೊಡ್ಡ ಬೆಲೆಗೆ ಹೋಗುತ್ತಿತ್ತು. ಆ ಹಣ ಸುಖೋನಾ ದಂಡೆಗೆ ಬಂದು ಇಟ್ಟಿಗೆಯಾಯಿತು. 1774ರಿಂದ 1794ರವರೆಗೆ ಕಟ್ಟಿದ ಜೆರುಸಲೇಮ್ ಪ್ರವೇಶದ ಚರ್ಚಿಗೆ ಹಣ ಕೊಟ್ಟವರು ಪೆಸಿಫಿಕ್ ವ್ಯಾಪಾರದ ಗ್ರಿಗೊರಿ ಮತ್ತು ಪ್ಯೋತ್ರ್ ಪನೋವ್ ಸೋದರರು. ಅದರೊಳಗೆ ಈಗ ನಾವಿಕರ ಮ್ಯೂಸಿಯಂ ಇದೆ. ಗೋಡೆಯ ಸುರುಳಿ ಚೌಕಟ್ಟುಗಳು ಕಡಲ ನಕಾಶೆಗಳ ಅಂಚಿನಿಂದ ಬಂದವು ಎನ್ನುವವರಿದ್ದಾರೆ. ಅದು ಊಹೆಯೇ ಇರಬಹುದು, ಆದರೆ ಆ ಗೋಡೆಯ ಹಣ ಕಡಲಿನದೆಂಬುದು ಊಹೆಯಲ್ಲ.

ಈ ಚರ್ಚುಗಳ ಚೆಲುವಿಗೆ ನಾನು ಮನಸೋತಿದ್ದೇನೆ. ಅದಕ್ಕೇ ಇನ್ನೊಂದು ಲೆಕ್ಕವನ್ನೂ ಹೇಳಲೇಬೇಕು. ತುಪ್ಪಳ ಬೇಟೆಗಾರರು ಅಲ್ಯೂಟ್ ಜನರ ಹೆಂಡಿರು ಮಕ್ಕಳನ್ನು ಒತ್ತೆಯಿಟ್ಟುಕೊಂಡು ಗಂಡಸರಿಂದ ಬೇಟೆ ಮಾಡಿಸಿದರು. ಹಿಂಸೆ ಮತ್ತು ಹೊಸ ರೋಗಗಳಿಗೆ ಸಿಕ್ಕಿ ಆ ಜನರ ಸಂಖ್ಯೆ ಕುಸಿಯಿತು. ಸ್ಟೆಲ್ಲರ್ ಎಂಬ ವಿಜ್ಞಾನಿ 1741ರಲ್ಲಿ ಮೊದಲು ಕಂಡ ದೈತ್ಯ ಕಡಲಹಸುವನ್ನು ದಾರಿಯ ಆಹಾರಕ್ಕೆಂದು ಕೊಂದು ಕೊಂದು, 1768ರ ಹೊತ್ತಿಗೆ ಆ ಕುಲವೇ ಇಲ್ಲವಾಯಿತು. ಚರ್ಚಿನ ಇಟ್ಟಿಗೆಗಳಲ್ಲಿ ಈ ಸಾವುಗಳ ಪಾಲೂ ಇದೆ.

ಟೋಟ್ಮಾದ ಇವಾನ್ ಕುಸ್ಕೋವ್ ಈ ಕಥೆಯ ತುದಿಯಲ್ಲಿ ನಿಲ್ಲುವ ಮನುಷ್ಯ. 1765ರಲ್ಲಿ ಹುಟ್ಟಿದ ಅವನು ಯೌವನದಲ್ಲೇ ಸೈಬೀರಿಯಾಕ್ಕೆ ಹೋಗಿ, ಅಲೆಕ್ಸಾಂಡರ್ ಬರನೋವ್‌ಗೆ ಸಹಾಯಕನಾದ. ಅಲಾಸ್ಕಾದ ರಷ್ಯನ್ ವಸಾಹತುಗಳನ್ನು ಆಳಿದ ಬರನೋವ್ ಕೂಡ ಉತ್ತರದ ನದಿಯೂರು ಕರ್ಗೊಪೊಲ್‌ನವನೇ. ಅಲಾಸ್ಕಾಕ್ಕೆ ಧಾನ್ಯ ಬೇಕಿತ್ತು. ಅದಕ್ಕಾಗಿ 1812ರಲ್ಲಿ ಕುಸ್ಕೋವ್ ಕ್ಯಾಲಿಫೋರ್ನಿಯಾದಲ್ಲಿ ರೋಸ್ ಕೋಟೆಯನ್ನು ಕಟ್ಟಿ, 1821ರವರೆಗೆ ನಡೆಸಿದ. 1823ರಲ್ಲಿ ಟೋಟ್ಮಾಕ್ಕೆ ಮರಳಿ ಕೆಲವೇ ತಿಂಗಳಲ್ಲಿ ತೀರಿಕೊಂಡ. ಅವನನ್ನು ಹೂಳಿದ್ದು ಉಪ್ಪಿನ ಸನ್ಯಾಸಿ ಕಟ್ಟಿದ ಸ್ಪಾಸೊ-ಸುಮೊರಿನ್ ಮಠದಲ್ಲಿ.

ಮುಂದೆ ರೈಲು ಬಂದಾಗ ವೊಲೊಗ್ಡಾದಿಂದ ಅರ್ಖಾಂಗೆಲ್ಸ್ಕ್‌ಗೆ ಹಳಿ ಹಾಕಿದರು, ಟೋಟ್ಮಾ ಹೊರಗುಳಿಯಿತು. ಕ್ರಾಂತಿಯ ನಂತರ ಮಠ ಮುಚ್ಚಿತು. ಅದರ ಕಟ್ಟಡಗಳಲ್ಲಿ ನಡೆದ ಅರಣ್ಯ ತಾಂತ್ರಿಕ ಶಾಲೆಯಲ್ಲಿ 1950ರ ದಶಕದ ಆರಂಭದಲ್ಲಿ ಕವಿ ನಿಕೊಲಾಯ್ ರುಬ್ತ್ಸೋವ್ ಓದಿದ. ಟೋಟ್ಮಾದ ಚರಿತ್ರೆ ಹೇಳುವಾಗ ಸಂತನ ಹೆಸರು, ವರ್ತಕರ ಹೆಸರು, ಕುಸ್ಕೋವ್‌ನ ಹೆಸರು ತಪ್ಪದೆ ಬರುತ್ತವೆ. ಬರಬೇಕಾದವರು ಇನ್ನೂ ಇದ್ದಾರೆ. ರೋಸ್ ಕೋಟೆಯನ್ನು ಕಟ್ಟಲು ಕುಸ್ಕೋವ್‌ನ ಜೊತೆ ಹೋದವರಲ್ಲಿ ರಷ್ಯನ್ನರು 25 ಮಂದಿ, ಅಲಾಸ್ಕಾದ ಮೂಲನಿವಾಸಿಗಳು 80 ಮಂದಿ.